ಕಿಟಕಿ ಅವಧಿ

ಮೂರು ವರ್ಷದ ಹಿಂದೆ ಆ ಕರಪತ್ರದ ಕರಡು ತಿದ್ದಿದವ ನಾನೇ.
ಬೆಟಗೇರಿಯ ಪ್ರೆಸ್ಸು, ಇಳಿಹೊತ್ತು,
ಆರೋಗ್ಯ ಇಲಾಖೆಯ ಹತ್ತು ಸಾವಿರ ಪ್ರತಿ, ತಿಳಿಹಳದಿ ಕಾಗದ.
‘ಸೊಂಕು’ ಎಂದಿದ್ದಲ್ಲಿ ದೀರ್ಘ ಕೊಟ್ಟೆ,
‘ಸುರಕಿತ’ಕ್ಕೆ ಒತ್ತು ಹಚ್ಚಿದೆ,
‘ಕಿಟಕಿ ಅವಧಿ’ಗೆ ಬಂದು ಕೆಂಪು ಪೆನ್ನು ನಿಂತಿತು.
ನಕ್ಕೆ. ಯಾರ ಅನುವಾದವೋ, ರೋಗಕ್ಕೂ ಒಂದು ಕಿಟಕಿ!
ಮಷಿನ್ನಿನ ಹತ್ತಿರದಿಂದ ದಾವಲಸಾಬ ಕೂಗಿದ,
‘ಬರೊಬ್ಬರಿ ಐತೇನ್ರಿ?’
ಬರೊಬ್ಬರಿ ಐತಿ, ಹೊಡಿ, ಅಂದೆ.

ಈಗ ಆ ಕಿಟಕಿಯಲ್ಲಿ ಕೂತಿದ್ದೇನೆ.

ನೀಲಗಂಗಾ ಹುಬ್ಬಳ್ಳಿಯ ಕಾಗದದಂಗಡಿಯಲ್ಲಿ ಲೆಕ್ಕ ಬರೆಯುವಾಕೆ.
ಆರು ವರ್ಷ ರೀಮಿನ ದರ, ಜಿಎಸ್‌ಟಿ, ಅರ್ಧ ಕಪ್ ಚಾ.
ಆಮೇಲೆ ಒಂದು ಸಂಜೆ ಅವಳ ಬಾಡಿಗೆ ಕೋಣೆ,
ಕರೆಂಟು ಹೋಗಿತ್ತು.
ಯಾರೂ ಯಾರನ್ನೂ ಮೋಸ ಮಾಡಲಿಲ್ಲ.
ಇಬ್ಬರೂ ನಲವತ್ತರ ಆಜುಬಾಜು.
ಎದ್ದು ಮೂಲೆಯ ಔಷಧಿ ಅಂಗಡಿಗೆ ಹೋಗಿಬರುವ ಮಾತು
ಇಬ್ಬರ ಬಾಯಿಗೂ ಬರಲಿಲ್ಲ, ಅಷ್ಟೇ.
ಒಂದು ಪದ ಬಿಟ್ಟುಹೋದಂತೆ.

ಎಂಟು ದಿನ ನನ್ನ ಮೈಯನ್ನೇ ಓದಿದೆ:
ಗಡ್ಡ ಕೆರೆಯುವಾಗ ದವಡೆಯ ಕೆಳಗೊಂದು ಗಂಟು,
ಮಿರ್ಚಿ ತಿಂದ ನಾಲಗೆಯ ಉರಿ,
ನಡುರಾತ್ರಿಯ ಬೆವರು.
ಮೇ ತಿಂಗಳ ಗದಗು, ಊರಿಗೆ ಊರೇ ಬೆವರುತ್ತಿತ್ತು,
ನನ್ನದು ಮಾತ್ರ ಲಕ್ಷಣ.
ಅವಳನ್ನು ಬಿಟ್ಟುಹೋದ ಗಂಡನ ಊರುಗಳನ್ನೆಲ್ಲ ಎಣಿಸಿದೆ.
ನನ್ನ ಗೋವೆಯ ಎರಡು ರಾತ್ರಿ ಎಣಿಕೆಗೆ ಬರಲಿಲ್ಲ.

‘ತಟ್ಟೆ ಲೋಟದಿಂದ, ಎಂಜಲಿನಿಂದ ಹರಡುವುದಿಲ್ಲ’
ನಾನೇ ಓದಿ ಸೈ ಅಂದ ಸಾಲು.
ಆದರೂ ತಂಗಿಯ ಮಗಳು ನನ್ನ ತಾಟಿಗೆ ಕೈ ಹಾಕಿದಾಗ
ತಾಟು ಹಿಂದಕ್ಕೆಳೆದೆ.
‘ಮಾಮಾ ಸಿಟ್ಟಾಗ್ಯಾನ’ ಅಂತ ಅತ್ತಿತು ಕೂಸು.

ಗದಗಿನ ದವಾಖಾನೆಯಲ್ಲಿ ಎಲ್ಲಾ ಗುರುತಿನ ಮುಖ;
ಅರ್ಧ ಮಂದಿಯ ಲಗ್ನಪತ್ರ ನಾನು ತಿದ್ದಿದವು.
ಒಂಬತ್ತನೇ ದಿನ ಹುಬ್ಬಳ್ಳಿ ಪ್ಯಾಸೆಂಜರ್ ಹತ್ತಿದೆ.
ಅಣ್ಣಿಗೇರಿ ದಾಟಿದ ಮೇಲೆ ಹರಗಿಟ್ಟ ಎರೆಹೊಲ,
ಬಿತ್ತಿದ್ದಾರೋ ಇಲ್ಲವೋ
ರೈಲಿನ ಕಿಟಕಿಯಿಂದ ತಿಳಿಯುವಂತಿರಲಿಲ್ಲ.

ಕಿಮ್ಸಿನಲ್ಲಿ ಹೆಸರು ಕೂಗಲಿಲ್ಲ. ನಂಬರು ಕೂಗಿದರು.
ಸಮಾಲೋಚಕಿಯ ಮೇಜಿನ ಮೇಲೆ ಅದೇ ಕರಪತ್ರ,
ಬೇರೆ ಯಾವುದೋ ಪ್ರೆಸ್ಸಿನದು,
‘ಸೊಂಕು’ ಹಾಗೇ ಉಳಿದಿತ್ತು.
‘ಎಪ್ಪತ್ತೆರಡು ತಾಸಿನೊಳಗ ಬಂದಿದ್ರ ಗುಳಿಗಿ ಇದ್ವು ನೋಡ್ರಿ’
ಅಂದಳು. ಬೈಯಲಿಲ್ಲ.
ಬೆರಳಿಗೆ ಸೂಜಿ. ಒಂದು ಹನಿ,
ನನ್ನ ಪೆನ್ನಿನದೇ ಬಣ್ಣ.
ಅರ್ಧ ತಾಸಿಗೆ: ‘ಇವತ್ತಿನ ಮಟ್ಟಿಗೆ ಏನಿಲ್ಲ.
ಇದು ಪೂರಾ ಉತ್ತರ ಅಲ್ಲ. ಮೂರು ತಿಂಗಳಿಗೆ ಮತ್ತ ಬರ್ರಿ.’
ಎದ್ದೆ.
‘ಅವ್ರಿಗೆ ಹೇಳೀರೇನು?’
ಏನಂತ?
‘ನೀವು ಹೆದರೀರಂತ. ಅವ್ರೂ ನಿಮಗ ಹೆದರಿರಬಹುದಲ್ಲ.’

ನನಗೆ? 
ನಾನೂ ಒಬ್ಬರ ಭಯವಾಗಿರಬಹುದೆಂದು
ಎಂಟು ರಾತ್ರಿಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಫೋನು ಹಚ್ಚಿದೆ.
ಅಂಗಡಿಯ ಗದ್ದಲ, ಕಟರ್ ಸಪ್ಪಳ,
ಆಮೇಲೆ ಅವಳು ಎಲ್ಲೋ ಒಳಗೆ ಸರಿದ ಮೌನ.
‘ನಾ ಮೂರನೇ ದಿನಾನ ಹೋಗಿದ್ದೆ.
ಇಪ್ಪತ್ತೆಂಟು ಗುಳಿಗಿ. ಆರು ಮುಗದಾವ.
ಹೊಟ್ಟಿ ತೊಳಸ್ತೈತಿ.
ನಿಮಗ ಹೇಳಾಕ ಬಾಯಿ ಬರಲಿಲ್ಲ.’
ನನಗೂ ಬರಲಿಲ್ಲ. ಕ್ಷಮಿಸು ಅನ್ನಬೇಕಿತ್ತು,
ಊಟ ಆತೇನು ಅಂದೆ.

ಪ್ರೆಸ್ಸಿನ ಗೋಡೆಯ ಕ್ಯಾಲೆಂಡರ್ ನಮ್ಮದೇ ಮುದ್ರಣ.
ಅಮಾವಾಸ್ಯೆ, ಏಕಾದಶಿ, ಸಂಕಷ್ಟಿ ದಾಟಿ ಎಣಿಸಿದರೆ
ನನ್ನ ದಿನ ಬಿದ್ದದ್ದು ಎರಡನೇ ಶನಿವಾರ, ರಜೆ.
ಸೋಮವಾರಕ್ಕೆ ಒಂದು ಚುಕ್ಕೆ ಇಟ್ಟೆ.
ಏನ್ರಿ ಅದು, ಅಂದ ದಾವಲಸಾಬ.
ಕಿಟಕಿ, ಅಂದೆ. ಅವನಿಗೆ ತಿಳಿಯಲಿಲ್ಲ.

ಇವತ್ತು ಮೂವತ್ತೊಂಬತ್ತನೇ ದಿನ.
ತಂಗಿಯ ಮಗಳು ಮತ್ತೆ ಬಂದು ಪಕ್ಕ ಕೂತು
ನನ್ನ ತಾಟಿನ ರೊಟ್ಟಿ ಮುರಿದುಕೊಂಡಳು.
ಕೈ ನಡುಗಿತು.
ತಾಟು ಇದ್ದಲ್ಲೇ ಇತ್ತು.