ಅರ್ತ್

ಹಿಂದೆ ‘ಹಾರನ್ ಮಾಡಿ’ ಅಂತ ಬರೆದದ್ದು,
ಮುಂದೆ ಬಾಯಿಲ್ಲ.
ಅರವತ್ತೆರಡರ ಫಾರ್ಗೊ. ದಾವಣಗೆರೆಯ ಮಂಡಕ್ಕಿ ಭಟ್ಟಿ ಸಂದಿಯಲ್ಲಿ
ಬೆಳಗಿನಿಂದ ಅದರ ಕೆಳಗೆ ಮಲಗಿದ್ದೇನೆ.

ಫ್ಯೂಸು ಸರಿ. ಬಟನ್ನು ಬಿಚ್ಚಿ ಉಪ್ಪುಕಾಗದ ಉಜ್ಜಿದೆ.
ಬಟ್ಟೆ ಸುತ್ತಿದ ವೈರು, ಮುಟ್ಟಿದರೆ ಹಪ್ಪಳ.
ಟೆಸ್ಟ್ ಬಲ್ಬು ಹಾರನ್ನಿನ ತನಕ ಉರಿಯುತ್ತೆ:
ಕರೆಂಟು ಬಂದು ಬಾಗಿಲಲ್ಲೇ ನಿಂತಿದೆ,
ಇಳಿಯೋಕೆ ನೆಲವಿಲ್ಲ.

ಅಪ್ಪನ ನೆನಪಿಗೆಂದು ರುದ್ರಮುನಿ
ಚಾಸಿಗೆ ಮೂರು ಕೋಟು ಬಣ್ಣ ಬಳಿಸಿದ್ದ,
ಅರ್ತ್ ಬೋಲ್ಟನ್ನೂ ಬಿಡದೆ.

ಚಾಕುವಿನಲ್ಲಿ ಕೆರೆದೆ. ನಾಲ್ಕಾಣೆಯಗಲ ಕಬ್ಬಿಣ ಕಂಡಿತು.
ಒತ್ತು, ಅಂದೆ.

ಬಾಣಲೆಯ ಮರಳಲ್ಲಿ ಕೈಯಾಡಿಸುತ್ತಿದ್ದ ಹುಸೇನ್‌ಬಿ
ತಿರುಗಿಯೂ ನೋಡದೆ ಕೂಗಿದಳು:
‘ಏ ಕೆಂಚವೀರಪ್ಪ, ಹಿಂದಕ್ಕೆ ತಗಿಯೋ, ಭತ್ತದ ಗಾಡಿ ಬರೋದೈತಿ!’

ರುದ್ರಮುನಿ ಬಟನ್ನಿನಿಂದ ಕೈ ತೆಗೆಯಲಿಲ್ಲ.
ಬ್ಯಾಟರಿ ಇಳಿದೀತು ಅಂತ
ನಾನೂ ಅನ್ನಲಿಲ್ಲ.