ಸೀಸ

ನಮ್ಮೂರಲ್ಲಿ ಹುಡುಗರು ನಪಾಸಾಗುವುದಿಲ್ಲ,
ಸೀಸ ತಿನ್ನುತ್ತಾರೆ.
ಹಾಗೆ ಮೊದಲು ಅಂದವರು ಯಾರೋ,
ಕೋವಿಯ ಗುಂಡು ನೆನೆದರೋ
ಬಲೆಯ ಅಂಚಿಗೆ ಕಟ್ಟುವ ಗುಂಡು ನೆನೆದರೋ,
ಇಪ್ಪತ್ತಾರು ವರ್ಷ ಪಾಠ ಹೇಳಿದ ನನಗೂ ತಿಳಿಯದು.

ಜೂನ್ ತಿಂಗಳ ಕೊನೆ, ಸೆತೂಬಲ್.
ಏಳನೇ ತರಗತಿ, ಬಿ ವಿಭಾಗ.
ಕಿಟಕಿ ತೆರೆದರೆ ಸಾರ್ಡೀನ್ ಸುಡುವ ಹೊಗೆ,
ಮುಚ್ಚಿದರೆ ಸೆಕೆ.
ಮೇಜಿನ ಸುತ್ತ ಹನ್ನೊಂದು ಜನ, ನಡುವೆ ಒಂದು ಬೋಗುಣಿ ಚೆರ್ರಿ,
ಬೆಲಾರ್ಮಿನು ತನ್ನ ಅತ್ತೆಯ ತೋಟದಿಂದ ತಂದದ್ದು;
ಬೀಜ ಉಗುಳಲು ಮಡಿಚಿಟ್ಟ ಹಳೆಯ ಹಾಜರಿ ಹಾಳೆ.

ಒಂದರಿಂದ ಐದು, ಇಷ್ಟೇ ನಮ್ಮ ತೂಕದ ಕಲ್ಲು.
ಮೂರು ಅಂದರೆ ದಡ. ಎರಡು ಅಂದರೆ ಡುಮ್ಕಿ.

ಮೊದಲ ಹೆಸರೇ ಗಂಟಲಿಗೆ ಸಿಕ್ಕಿಕೊಂಡಿತು: ಅದೆರಿತು.
ಅಕಾರದವನಾದ್ದರಿಂದ ಪಟ್ಟಿಯಲ್ಲಿ ಸದಾ ನಂಬರ್ ಒಂದು.
ಆಮೇಲೆ ನೋಡೋಣ ಎಂದು ಬದಿಗಿಟ್ಟು
ಉಳಿದ ಇಪ್ಪತ್ತೆರಡು ಮಕ್ಕಳನ್ನು ಸರಸರ ದಾಟಿಸಿ
ತಿರುಗಿ ಅವನಲ್ಲಿಗೇ ಬಂದೆವು.
ಗಣಿತ ಎರಡು, ಫ್ರೆಂಚ್ ಎರಡು, ಇತಿಹಾಸ ಎರಡು,
ನನ್ನ ಭೂಗೋಳ ಎರಡು.
ಒಂದು ಎರಡು ಮೂರಾದರೆ ಸಾಕು, ಹುಡುಗ ಎಂಟಕ್ಕೆ.

ತರಗತಿಯಲ್ಲಿ ನಿದ್ದೆ, ಅಂದಳು ಫ್ರೆಂಚಿನವಳು.
ಮೀನು ಇಳಿಸಿ ಬರ್ತಾನೆ, ನಿದ್ದೆ ಬರದೆ ಏನು,
ಅಂದ ಆಟದ ಮೇಷ್ಟ್ರು, ಈಜಿಗೆ ಐದು ಕೊಟ್ಟವನು.
ಇನ್ನೊಂದು ವರ್ಷ ಕೂತರೆ ಮಾಗ್ತಾನೆ,
ಅಂದರು ಯಾರೋ, ಬೋಗುಣಿಯಲ್ಲಿ ಕೆಂಪಾದದ್ದನ್ನು ಹುಡುಕುತ್ತ.
ನಾನೂ ಏನೋ ಅಂದೆ. ಒಂಬತ್ತು ಮನೆಗೆಲಸ ಬಾಕಿ, ಅಂದೆ.
ಅದು ಸುಳ್ಳಲ್ಲ.

ಭೂಗೋಳದ ಎರಡನ್ನು ಮೂರು ಮಾಡಲು ಒಪ್ಪುವವರು ಕೈ ಎತ್ತಿ,
ಅಂದಳು ಜುಲ್ಮೀರಾ, ಕನ್ನಡಕ ತೆಗೆದು.
ಐದು ಕೈ ಎದ್ದವು. ಐದು ಏಳಲಿಲ್ಲ.
ನನ್ನದು ಕರವಸ್ತ್ರದಲ್ಲಿ ಚೆರ್ರಿಯ ರಸ ಒರೆಸಿಕೊಳ್ಳುತ್ತಿತ್ತು.
ಅದನ್ನವಳು ಇಲ್ಲ ಎಂದು ಬರೆದುಕೊಂಡಳು.
ನಾನು ತಿದ್ದಲಿಲ್ಲ.
ಎಲ್ಲರ ತಪ್ಪನ್ನೂ ತಿದ್ದುವುದೇ ನನ್ನ ಕಸುಬು.

ಪಟ್ಟಿ ಗಾಜಿನ ಹಿಂದೆ ಅಂಟಿತು.
ಬಲೆಯ ಕೊಟ್ಟಿಗೆಯಿಂದ ಏಪ್ರನ್ ಕಳಚದೆ ಬಂದಳು
ತಾಯಿ ದುಲ್ಸೆಲಿನಾ. ದಿನವಿಡೀ
ಹಗ್ಗಕ್ಕೆ ಸೀಸ ಪೋಣಿಸುವ ಬೆರಳು
ಗಾಜಿನ ಮೇಲೆ ಅಡ್ಡಕ್ಕೆ ನಡೆಯಿತು, ಅಂಕೆಯಿಂದ ಅಂಕೆಗೆ.
ಇದರಲ್ಲಿ ನಿಮ್ಮ ಎರಡು ಯಾವುದು, ಟೀಚರ್?
ತೋರಿಸಿದೆ.
ಕ್ಷಣ ಹೊತ್ತು ಅದನ್ನೇ ನೋಡಿದಳು.
ಬೈಯುತ್ತಾಳೆ ಅಂದುಕೊಂಡೆ, ಬೈದರೆ ಸಾಕು ಅಂದುಕೊಂಡೆ.
ಹಾಗಾದರೆ, ಅಂದಳು,
ಈ ವರ್ಷ ಹೊಸ ಪುಸ್ತಕ ಬೇಕಾಗಿಲ್ಲ, ಅಲ್ಲವೇ?

ಸೆಪ್ಟೆಂಬರ್. ಅದೇ ಕೋಣೆ, ಅದೇ ನಕಾಶೆ,
ಗೋಡೆಯ ಮೊಳೆಗೆ ಒಂದು ಕಿವಿ ಹರಿದು ನೇತಾಡುವ ಆಫ್ರಿಕ.
ಹಾಜರಿ ಕರೆದೆ. ನಂಬರ್ ಒಂದು ಅದೆರಿತು.
ಕೊನೆಯ ನಂಬರ್ ಝೆನಾಯಿದ, ಅವನ ತಂಗಿ,
ಒಂದು ವರ್ಷ ಚಿಕ್ಕವಳು, ಈಗ ಸಹಪಾಠಿ.
ಪಟ್ಟಿಯ ಎರಡು ತುದಿ
ಒಂದೇ ಬೆಂಚಿನಲ್ಲಿ ಕೂತಿದ್ದವು,
ಇಬ್ಬರ ನಡುವೆ ಒಂದೇ ಪುಸ್ತಕ.
ಅವನ ಮೊಣಕಾಲು ಮೇಜಿನಡಿ ಹಿಡಿಸುತ್ತಿರಲಿಲ್ಲ.

ಭರತ ಇಳಿತ ಯಾಕಾಗುತ್ತೆ, ಕೇಳಿದೆ.
ಕಳೆದ ವರ್ಷವೂ ಅದೇ ವಾರ ಅದೇ ಪ್ರಶ್ನೆ ಕೇಳಿದ್ದೆ.
ಅವನಿಗೆ ಗೊತ್ತು. ಅವನಿಗೆ ಗೊತ್ತೆಂದು ನನಗೂ ಗೊತ್ತು.
ಕೈ ಮೇಜಿನ ಮೇಲೆಯೇ ಇತ್ತು, ಉಗುರಿನ ಸಂದಿಯಲ್ಲಿ ಪೊರೆಯ ಮಿಂಚು.
ತಂಗಿ ಎದ್ದು ನಿಂತು
ಪುಟದಂಚಿನಲ್ಲಿ ಅಣ್ಣ ಗೀಚಿಟ್ಟಿದ್ದನ್ನು ಓದಿದಳು,
ಚಂದ್ರ, ಸೂರ್ಯ, ಎಳೆತ, ಎಲ್ಲ ಸರಿಯಾಗಿ,
ಅಲ್ಲಲ್ಲಿ ಅಳಿಸಿಹೋದ ಸೀಸದಕಡ್ಡಿಯ ಅಕ್ಷರಕ್ಕೆ
ತಡವರಿಸುತ್ತ.
ತಡವರಿಸಿದಲ್ಲೆಲ್ಲ ಅವನು
ತಲೆ ಎತ್ತದೆ, ತುಟಿಯಲ್ಲೇ ಹೇಳಿಕೊಟ್ಟ.

ಸರಿ, ಅಂದೆ. ಕೂತುಕೋ, ಅಂದೆ.
ಅಂಕ ಯಾರ ಮುಂದೆ ಬರೆಯಬೇಕೆಂದು
ಪೆನ್ನು ಹಿಡಿದು ಇನ್ನೂ ನಿಂತಿದ್ದೇನೆ.