ಪೀಬೆರಿಯ ಬೆದೆ

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನ ಕೆಲಸ
ಕಾಳು ಆರಿಸುವುದು. ಕರಿದು, ಒಡಕು, ಹುಳ ಕೊರೆದದ್ದು
ಒಂದು ಬದಿಗೆ. ಹಣ್ಣಿನೊಳಗೆ ಜೊತೆಯಿಲ್ಲದೆ
ಉರುಟಾಗಿಬಿಟ್ಟ ಪೀಬೆರಿ ಇನ್ನೊಂದು ಬದಿಗೆ.
ಗೋಣಿಚೀಲಗಳ ಸಂದಿಯಲ್ಲಿ ಸಿಕ್ಕ ಒಂದೇ ಒಂದು ಮರಿಗೆ
ಬೇರೆ ಹೆಸರು ಹೊಳೆಯಲಿಲ್ಲ.

ಫೆಬ್ರವರಿ. ಅದಕ್ಕೆ ಆರು ತಿಂಗಳು ತುಂಬಿರಬೇಕು.
ಒಂದು ರಾತ್ರಿ ಕೂಗಿತು.
ಮಿಯಾಂವ್ ಅಲ್ಲ ಅದು; ಬಾವಿಯ ತಳದಿಂದ
ಯಾರೋ ಜಗ್ಗಿ ಜಗ್ಗಿ ಮೇಲೆತ್ತಿದ ಹಾಗೆ.
ನೆಲಕ್ಕೆ ಎದೆ ಒತ್ತಿ, ಸೊಂಟ ಎತ್ತಿ,
ಬಾಲ ಒಂದು ಕಡೆ ಸರಿಸಿ
ಹಿಂಗಾಲಲ್ಲಿ ನಿಂತಲ್ಲೇ ನಡೆಯಿತು.

ಬೆನ್ನು ಮುರಿದಿದೆ ಅಂದುಕೊಂಡೆ.
ಟಾರ್ಚು ಹಿಡಿದು ಬೆನ್ನೆಲುಬಿನ ಮಣಿಮಣಿ ಎಣಿಸಿದೆ.
ಮುಟ್ಟಿದಷ್ಟೂ ಹೊರಳಿತು.

ಪಕ್ಕದ ಆಯಿಸುಮ್ಮ ಓದಿ ಊದಿದ ನೀರು ತಂದಳು.
ವೇಬ್ರಿಡ್ಜಿನ ಉತ್ತಪ್ಪ ಕೆಳಗಿನಿಂದಲೇ:
ಬೆಕ್ಕು ಅತ್ತರೆ ಮನೆಗಾಗಲ್ಲ,
ಸೇತುವೆ ದಾಟಿಸಿ ಬಿಟ್ಟು ಬಾ.

ಬೆಳಿಗ್ಗೆ ಅರ್ಧ ದಿನದ ಸಂಬಳ ಬಿಟ್ಟು
ತರಕಾರಿ ಬುಟ್ಟಿಗೆ ಟವೆಲು ಕಟ್ಟಿ
ಪಶು ಆಸ್ಪತ್ರೆಯ ಸಾಲಿನಲ್ಲಿ ನಿಂತೆ.
ಮುಂದೆ ಎರಡು ಹಂದಿ, ಒಂದು ಕೆಮ್ಮುವ ಆಡು.

ಡಾಕ್ಟರ್ ದೇಚಮ್ಮ ನಕ್ಕರು. ನೋವಲ್ಲ ಇವಳಿಗೆ,
ಬೆದೆ.
ಹಗಲು ಉದ್ದವಾಯಿತಲ್ಲ,
ಬೆಳಕು ಕಣ್ಣೊಳಗಿಳಿದು ಹೊಟ್ಟೆಗೆ ಹೇಳಿಬಿಡುತ್ತೆ.
ಒಂದು ವಾರ ಇರುತ್ತೆ, ಹೋಗುತ್ತೆ,
ಗಂಡು ಸಿಗದಿದ್ದರೆ ಹದಿನೈದಿಪ್ಪತ್ತು ದಿನಕ್ಕೆ ಮತ್ತೆ ಬರುತ್ತೆ.
ರಕ್ತ? ನಾನು ಕೇಳಿದೆ, ದನಿ ತಗ್ಗಿಸಿ.
ರಕ್ತ ನಮಗೆ. ಬೆಕ್ಕಿಗೆ ಬರೀ ಕೂಗು.
ರಕ್ತ ಕಂಡರೆ ಆವತ್ತೇ ಓಡಿ ಬಾ.
ಮೆಡಿಕಲ್ ಶಾಪಿನವನು ಕೊಡುವ ಮಾತ್ರೆ ಬೇಡ,
ಗರ್ಭಕೋಶ ಕೀವು ಕಟ್ಟೀತು.
ಆಪರೇಷನ್ ಮಾಡೋಣ, ಇವತ್ತಲ್ಲ.
ಈಗ ಮೈಯೆಲ್ಲ ರಕ್ತ ಉಕ್ಕಿರುತ್ತೆ. ತಣ್ಣಗಾಗಲಿ.

ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.
ಹಾರಂಗಿ ಕಾಲುವೆಯ ಕ್ವಾರ್ಟರ್ಸಿನಲ್ಲಿ
ಅತ್ತಿಗೆ ಒಂದು ಹಳೆ ಲಂಗ ಹರಿದು ಕೊಟ್ಟು
ಬಾಗಿಲೆಳೆದುಕೊಂಡು ಹೋಗಿದ್ದಳು.
ಆ ಬಾಗಿಲಿನ ಹಸಿರು ಬಣ್ಣ ಈಗಲೂ ಗೊತ್ತು.

ಆ ವಾರ ಕಿಟಕಿಗೆ ಕಂಬಳಿ ಹೊದಿಸಿದೆ,
ಟ್ಯೂಬ್‌ಲೈಟು ಬೇಗ ಆರಿಸಿದೆ,
ಬಿಸಿನೀರಿನ ಬಾಟಲಿಗೆ ಕಾಲುಚೀಲ ತೊಡಿಸಿ
ಅವಳ ಪಕ್ಕ ಇಟ್ಟೆ. ನಡುರಾತ್ರಿ
ದಾರಕ್ಕೆ ಬಾಟಲಿ ಮುಚ್ಚಳ ಕಟ್ಟಿ ಆಡಿಸಿದೆ.
ಎರಡು ನಿಮಿಷ ಆಟ, ಆಮೇಲೆ ಮತ್ತೆ ಆ ಹಗ್ಗ, ಆ ಬಾವಿ.
ಶೀಟಿನ ಮೇಲೆ ಕಿವಿ ಹರಿದ ಗಂಡು
ಬಾಕಿ ವಸೂಲಿಗೆ ಬಂದವನ ಹಾಗೆ ಕೂತಿತ್ತು.
ಬಾಗಿಲು ತೆರೆಯುವಾಗೆಲ್ಲ
ಕಾಲು ಅಡ್ಡ ಇಟ್ಟೇ ತೆರೆದೆ.

ಕೂಗು ನಿಂತು ಹನ್ನೊಂದನೇ ದಿನ.
ಹಿಂದಿನ ರಾತ್ರಿ ಬಟ್ಟಲು ಕವುಚಿಟ್ಟಿದ್ದೆ;
ಅವಳು ಅದರ ಸುತ್ತ ನಡೆದು ನನ್ನ ಮುಖ ನೋಡಿದಳು.
ಕಾಗದದಲ್ಲಿ ಬರೆದಿತ್ತು: ಮಾಲೀಕರ ಒಪ್ಪಿಗೆ.
ನಾನು ಸಹಿ ಮಾಡಿದೆ.
ಅವಳ ಒಪ್ಪಿಗೆಗೆ ಗೆರೆ ಇರಲಿಲ್ಲ.

ಹೊಟ್ಟೆಯ ಬೋಳು ಗುಲಾಬಿ ಚೌಕ, ಮೂರು ಹೊಲಿಗೆ.
ನೆಕ್ಕದಂತೆ ಕೊರಳಿಗೆ
ಅಪ್ಪನ ಎದೆಯ ಹಳೆ ಎಕ್ಸ್‌ರೇ ಕತ್ತರಿಸಿ ಕಟ್ಟಿದೆ.
ಅವಳು ಓಡಾಡಿದಲ್ಲೆಲ್ಲ ಅಪ್ಪನ ಪಕ್ಕೆಲುಬು
ಗೋಡೆಗೆ ತಗುಲಿ ಟಕ್ ಟಕ್.

ಕಿವಿ ಹರಿದವನು ಇನ್ನೂ ಎರಡು ಸಂಜೆ ಬಂದ.
ಅವಳು ಕಿಟಕಿಯಿಂದ ನೋಡಿದಳು,
ಹೋಗುವ ಲಾರಿಯನ್ನು ನೋಡುವ ಹಾಗೆ.

ಬೆಲ್ಟಿನ ಮುಂದೆ ಕೂತಾಗ ನನ್ನ ಕೈ
ಒಂದು ಉರುಟು ಕಾಳಿನ ಮೇಲೆ ಸ್ವಲ್ಪ ತಡೆಯಿತು.
ಆಚೆಯಿಂದ ಆಯಿಸುಮ್ಮ ಕೇಳಿದಳು:
ಇನ್ನು ಕೂಗಲ್ಲವಾ ಅದು?
ಕೂಗುತ್ತೆ, ಹಸಿವಾದರೆ, ಅಂದೆ.

ಯಾವ ಹಸಿವು ಎಂದು ಅವಳು ಕೇಳಲಿಲ್ಲ.
ಕಾಳು ಬರುತ್ತಲೇ ಇತ್ತು.